ಮದ್ದಿನ ಮನೆಯ ಕಾನೂನು ಹುಡುಕುವವರಿಗೆ ಡ್ಯೂಕಿನ ಭಂಡಾರ: ಏನು ಸಿಗುತ್ತದೆ, ಎಲ್ಲಿ ಎಡವುತ್ತೇವೆ

ಅಮೆರಿಕದ ಹಳೆಯ ಕೋವಿ ಕಾನೂನುಗಳನ್ನು ಮೂಲದಲ್ಲೇ ಓದಬೇಕು ಎಂದು ಹೊರಟವರಿಗೆ ಮೊದಲ ತೊಡಕು ಪುಸ್ತಕದ್ದು. ಮಸಾಚುಸೆಟ್ಸ್ ರಾಜ್ಯದ 1783ರ ಕಾಯ್ದೆಯೊಂದರ ಪಾಠ ಕಾಸರಗೋಡು, ಮಂಜೇಶ್ವರ, ಹೊಸದುರ್ಗದ ಕಪಾಟುಗಳಲ್ಲಿ ಸಿಕ್ಕೀತು ಎಂಬ ಆಸೆ ಬೇಡ. ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುವ ಒಂದು ಉಚಿತ ಸೇವೆ ಇದೆ. ಉತ್ತರ ಕ್ಯಾರೊಲಿನಾದ ಡರ್ಹಮ್ ಊರಿನಲ್ಲಿರುವ ಡ್ಯೂಕ್ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಕೋವಿ ಕಾನೂನಿಗೆಂದೇ ಒಂದು ಅಧ್ಯಯನ ಕೇಂದ್ರವಿದೆ, ಸೆಂಟರ್ ಫಾರ್ ಫೈರ್‌ಆರ್ಮ್ಸ್ ಲಾ. ಅದು ನಡೆಸುವ 'ರೆಪೊಸಿಟರಿ ಆಫ್ ಹಿಸ್ಟಾರಿಕಲ್ ಗನ್ ಲಾಸ್' ಎಂಬ ಜಾಲತಾಣವೇ ಆ ಸೇವೆ. ರೆಪೊಸಿಟರಿ ಎಂದರೆ ಭಂಡಾರ. ನಮ್ಮ ಕಡೆ ಭಂಡಾರ ಎಂದರೆ ದೈವದ ಆಯುಧ, ಆಭರಣ ಇಡುವ ಜಾಗ, ಬೇಕಾದ ದಿನ ಮಾತ್ರ ಕ್ರಮಪ್ರಕಾರ ಹೊರಗೆ ತೆಗೆಯುವಂಥದ್ದು. ಈ ತಾಣಕ್ಕೂ ಆ ಹೆಸರು ಸರಿಯಾಗಿಯೇ ಒಪ್ಪುತ್ತದೆ. ಇಲ್ಲೂ ಕ್ರಮ ತಪ್ಪಿ ತೆಗೆದರೆ ಕೆಲಸ ಕೆಡುತ್ತದೆ.

ಒಳಗಿರುವ ಸರಕು ಎರಡು ಬಗೆಯದು. ಮಧ್ಯಯುಗದಿಂದ 1776ರವರೆಗಿನ ಇಂಗ್ಲೆಂಡಿನ ಕಾನೂನುಗಳು ಒಂದು ಕಡೆ, ವಸಾಹತು ಕಾಲದಿಂದ 20ನೇ ಶತಮಾನದ ನಡುವಿನವರೆಗಿನ ಅಮೆರಿಕದ ಕಾನೂನುಗಳು ಇನ್ನೊಂದು ಕಡೆ. ಹಣ ಕೊಡಬೇಕಿಲ್ಲ. ಪದ, ವರ್ಷ, ರಾಜ್ಯ, ವಿಷಯ ಈ ನಾಲ್ಕು ದಾರಿಯಿಂದ ಹುಡುಕಬಹುದು.

ಕಾಸರಗೋಡಿನ ಕನ್ನಡಿಗರಿಗೆ ಇದರಿಂದ ಏನು? ಮೂರು ಬಗೆಯ ಓದುಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕಾನೂನು ಓದುವ ಮಕ್ಕಳಿಗೆ, ತೋಟಕ್ಕೆ ಬೀಳುವ ಹಂದಿ ಮಂಗಗಳಿಗಾಗಿ ಲೈಸೆನ್ಸಿನ ಕೋವಿ ಇಟ್ಟುಕೊಂಡ ಕೃಷಿಕರಿಗೆ, ಮತ್ತು ಮುಖ್ಯವಾಗಿ ಜಾತ್ರೆ, ಕಳಿಯಾಟ, ಬೆಡಿಯ (ಸಿಡಿಮದ್ದಿನ) ವ್ಯವಸ್ಥೆ ನೋಡಿಕೊಳ್ಳುವ ಸಮಿತಿಯವರಿಗೆ. ಕುಂಬಳೆ ಬೆಡಿ ಗೊತ್ತಿರುವ ಊರಿನಲ್ಲಿ ಮದ್ದು ಎಂದರೇನು ಎಂದು ಯಾರಿಗೂ ವಿವರಿಸಬೇಕಿಲ್ಲ. ಆದರೆ ಮದ್ದನ್ನು ಎಷ್ಟು ಇಡಬೇಕು, ಎಲ್ಲಿ ಇಡಬೇಕು, ಯಾರು ನೋಡಿಕೊಳ್ಳಬೇಕು ಎಂಬ ಮೂರು ಪ್ರಶ್ನೆಗೆ ಸುಮಾರು 300 ವರ್ಷಗಳ ಹಿಂದೆಯೇ ಒಂದು ಬಂದರಿನ ಊರು ಎಷ್ಟು ಕರಾರುವಾಕ್ಕಾಗಿ ಉತ್ತರ ಬರೆದಿಟ್ಟಿತ್ತು ಎಂಬುದನ್ನು ಓದಿದವರು ಕಡಿಮೆ.

ಆ ಊರು ಬಾಸ್ಟನ್. ಅದಕ್ಕೇ ಈ ಭಂಡಾರವನ್ನು ಅಳೆಯಲು ಮಸಾಚುಸೆಟ್ಸ್ ರಾಜ್ಯವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ದಾಖಲೆ ಹಳೆಯದು, ಸಾಲಾಗಿ ಸಿಗುತ್ತದೆ, ಸುಪ್ರೀಂ ಕೋರ್ಟಿನಲ್ಲಿ ಚರ್ಚೆಯಾದದ್ದೂ ಇದೆ.

ಹುಡುಕುವ ಕ್ರಮ ಹೀಗೆ. ಮೊದಲು ರಾಜ್ಯದ ಪಟ್ಟಿಯಿಂದ ಮಸಾಚುಸೆಟ್ಸ್ ಆರಿಸಿ. ಪದ ಹಾಕುವ ಖಾನೆಯನ್ನು ಸದ್ಯಕ್ಕೆ ಖಾಲಿ ಬಿಡಿ. ವಿಷಯದ ಪಟ್ಟಿಯಲ್ಲಿ 'ಸ್ಟೋರೇಜ್', ಅಂದರೆ ದಾಸ್ತಾನು, ಆರಿಸಿ. ಬಂದದ್ದನ್ನು ಬರೆದುಕೊಂಡ ಮೇಲೆ ಅದನ್ನು ತೆಗೆದು 'ಮ್ಯಾನುಫ್ಯಾಕ್ಚರಿಂಗ್, ಇನ್‌ಸ್ಪೆಕ್ಷನ್' ಎಂದು ಶುರುವಾಗುವ, ತಯಾರಿ ತಪಾಸಣೆ ಮಾರಾಟಕ್ಕೆ ಸಂಬಂಧಿಸಿದ ವಿಷಯ ಆರಿಸಿ. ಮೂರನೆಯ ಸಲ ಕೋವಿ ಹಾರಿಸುವುದಕ್ಕೆ ಸಂಬಂಧಿಸಿದ್ದನ್ನು ನೋಡಿ. ಮದ್ದಿನ ಕಾನೂನು ಈ ಮೂರೂ ಕಡೆ ಚದುರಿ ಬಿದ್ದಿರುತ್ತದೆ. ಒಂದೇ ವಿಷಯ ಆರಿಸಿ 'ಇಷ್ಟೇ ಇರುವುದು' ಎಂದು ನಿಲ್ಲಿಸಿದರೆ ಅರ್ಧ ಕಾನೂನು ಕೈತಪ್ಪುತ್ತದೆ. ಪದ ಹಾಕಿ ಹುಡುಕುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು, ಏಕೆಂದರೆ ಹಳೆಯ ಇಂಗ್ಲಿಷಿನಲ್ಲಿ 'ಗನ್‌ಪೌಡರ್' ಎಂಬುದನ್ನು ಕೂಡಿಸಿಯೂ, ಬಿಡಿಸಿಯೂ, ನಡುವೆ ಗೆರೆ ಹಾಕಿಯೂ ಬರೆಯುತ್ತಿದ್ದರು. ಒಂದು ರೂಪ ಹಾಕಿದರೆ ಮಿಕ್ಕ ಎರಡು ತಪ್ಪಿಹೋಗಬಹುದು. ಬರೀ 'ಪೌಡರ್' ಎಂದು ಹಾಕುವುದೇ ಸುಲಭದ ದಾರಿ.

ಈಗ ಒಂದು ದಾಖಲೆಯನ್ನು ಹತ್ತಿರದಿಂದ ನೋಡೋಣ. 1783ರ ಮಾರ್ಚ್ 1ರಂದು ಮಸಾಚುಸೆಟ್ಸ್ ಶಾಸನಸಭೆ ಬಾಸ್ಟನ್ ಪಟ್ಟಣದೊಳಗೆ ಮದ್ದನ್ನು ವಿವೇಕದಿಂದ ದಾಸ್ತಾನಿಡುವ ಬಗ್ಗೆ ಹಿಂದಿದ್ದ ಕಾಯ್ದೆಗಳಿಗೆ ಒಂದು ಸೇರ್ಪಡೆ ಮಾಡಿತು. ಹೆಸರಿನಲ್ಲೇ ಇರುವ 'ಸೇರ್ಪಡೆ' ಎಂಬ ಮಾತನ್ನು ಗಮನಿಸಬೇಕು. ಇದು ಒಂಟಿ ಕಾಯ್ದೆಯಲ್ಲ, ಒಂದು ಸರಪಣಿಯ ಕೊಂಡಿ. ಭಂಡಾರದಲ್ಲಿ ಈ ದಾಖಲೆಯನ್ನು ತೆರೆದರೆ ತಲೆಬರಹದ ಕೊನೆಯಲ್ಲೇ ಎರಡನೆಯ ಸೆಕ್ಷನ್ ಎಂಬ ಗುರುತು ಕಾಣುತ್ತದೆ. ಆ ಸೆಕ್ಷನ್ ಹೇಳುವುದು ಇಷ್ಟು: ಫಿರಂಗಿ, ತಿರುಗಣೆ ಫಿರಂಗಿ, ಮಾರ್ಟರ್, ಹೊವಿಟ್ಜರ್, ಕೋವಿ, ಬಾಂಬು, ಗ್ರೆನೇಡು, ಕಬ್ಬಿಣದ ಶೆಲ್ಲು, ಇವು ಯಾವುವೇ ಆಗಲಿ ಒಳಗೆ ಮದ್ದು ತುಂಬಿದ ಸ್ಥಿತಿಯಲ್ಲಿ ವಾಸದ ಮನೆ, ಹೊರಮನೆ, ಲಾಯ, ಕಣಜ, ಗೋದಾಮು, ಅಂಗಡಿ ಅಥವಾ ಬೇರೆ ಕಟ್ಟಡದಲ್ಲಿ ಸಿಕ್ಕಿದರೆ ಪಟ್ಟಣದ 'ಫೈರ್‌ವಾರ್ಡ್'ಗಳು ಅದನ್ನು ವಶಪಡಿಸಿಕೊಳ್ಳಬಹುದು.

ಇಷ್ಟನ್ನೇ ಓದಿದವರಿಗೆ ಇದು ಆಯುಧ ಕಿತ್ತುಕೊಳ್ಳುವ ಕಾನೂನಿನಂತೆ ಕಾಣುತ್ತದೆ. ಪೂರ್ತಿ ಕಾಯ್ದೆ ತೆರೆದು ನೋಡಿ. ಮೊದಲ ಸಾಲೇ ಬೇರೆ. ಬಾಸ್ಟನ್ನಿನ ಮನೆಗಳಲ್ಲಿ ಮದ್ದು ತುಂಬಿದ ಆಯುಧ ಇಡುವುದರಿಂದ, ಬೆಂಕಿ ಬಿದ್ದಾಗ ನಂದಿಸಲು ಮುಂದೆ ಬರುವವರ ಜೀವಕ್ಕೆ ಅಪಾಯ ಎಂದು ಪೀಠಿಕೆ ಹೇಳುತ್ತದೆ. ಮನೆ ಉರಿಯುವಾಗ ಗೋಡೆಯಲ್ಲಿ ತೂಗಿದ ಕೋವಿ ತಾನಾಗಿಯೇ ಹಾರುತ್ತದೆ, ಬಕೆಟು ಹಿಡಿದು ಒಳನುಗ್ಗಿದ ನೆರೆಮನೆಯವನ ಎದೆಗೆ ಗುಂಡು ಬೀಳುತ್ತದೆ. ಅವರಿಗಿದ್ದ ಭಯ ಇದೇ. ಮೊದಲನೆಯ ಸೆಕ್ಷನ್ನಿನಲ್ಲಿ ದಂಡವೂ ಇದೆ: ಹತ್ತು ಪೌಂಡು. ಅದರಲ್ಲಿ ಅರ್ಧ ಫೈರ್‌ವಾರ್ಡ್‌ಗಳಿಗೆ, ಇನ್ನರ್ಧ ಪಟ್ಟಣದ ಬಡವರಿಗೆ.

ಫೈರ್‌ವಾರ್ಡ್ ಎಂದರೆ ಪೊಲೀಸನಲ್ಲ, ಸೈನಿಕನೂ ಅಲ್ಲ. ಬೆಂಕಿ ಬಿದ್ದಾಗ ಜನರನ್ನು ಕರೆದು, ಸಾಲು ನಿಲ್ಲಿಸಿ, ಬೇಕಾದರೆ ಪಕ್ಕದ ಮನೆ ಕೆಡವಿಸಿ ಬೆಂಕಿಯನ್ನು ತಡೆಯಲು ನೇಮಕವಾದ ಊರಿನ ಹಿರಿಯ. 1711ರ ದೊಡ್ಡ ಬೆಂಕಿಯ ನಂತರ ಈ ಹುದ್ದೆ ಬಂತು. ಗುರುತಿಗೆ ಕೆಂಪು ಬಣ್ಣ ಬಳಿದ ಐದಡಿಯ ಕೋಲು, ಅದರ ತುದಿಗೆ ಹೊಳೆಯುವ ಹಿತ್ತಾಳೆಯ ಮೊನೆ. 1760ರ ಮಾರ್ಚಿನಲ್ಲಿ ಅದೇ ಊರಿನಲ್ಲಿ ಇನ್ನೊಂದು ಬೆಂಕಿಗೆ 349 ಕಟ್ಟಡಗಳು ಬೂದಿಯಾದವು. 1790ರ ಜನಗಣತಿಯಲ್ಲೂ ಬಾಸ್ಟನ್ನಿನ ಜನಸಂಖ್ಯೆ 18,320 ಮಾತ್ರ. ಅಷ್ಟು ಚಿಕ್ಕ ಊರಿಗೆ 349 ಕಟ್ಟಡ ಎಂದರೆ ಎಷ್ಟು ಎಂದು ಲೆಕ್ಕ ಹಾಕಿಕೊಳ್ಳಿ. ಇದನ್ನೆಲ್ಲ ಪಕ್ಕದಲ್ಲಿಟ್ಟುಕೊಂಡು ಓದಿದಾಗಲೇ 1783ರ ಕಾಯ್ದೆ ಅರ್ಥವಾಗುವುದು.

ಭಂಡಾರದ ಅತಿ ದೊಡ್ಡ ಕೊರತೆ ಇದೇ. ಅದು ತುಣುಕು ಕೊಡುತ್ತದೆ, ಕಾಯ್ದೆ ಕೊಡುವುದಿಲ್ಲ. ಕೋವಿಗೆ ತಗಲುವ ಸೆಕ್ಷನ್ನನ್ನು ಕತ್ತರಿಸಿ ಇಟ್ಟಾಗ ಪೀಠಿಕೆ, ದಂಡ, ವಿನಾಯಿತಿ ಹೊರಗೆ ಉಳಿದುಬಿಡಬಹುದು. ಮದ್ದಿನ ಕಾನೂನು ನಿಜದಲ್ಲಿ ಬೆಂಕಿಯ ಕಾನೂನು. 'ಗನ್ ಲಾ' ಎಂಬ ಬೋರ್ಡಿನ ಕೆಳಗೆ ಇಟ್ಟ ಕೂಡಲೇ ಅದರ ಮುಖ ಬದಲಾಗುತ್ತದೆ. ಇದು ತಾಣ ನಡೆಸುವವರ ಉದಾಸೀನ ಎಂದು ಹೇಳುತ್ತಿಲ್ಲ. ತಮ್ಮ ಸಂಗ್ರಹ ಪೂರ್ಣವಲ್ಲ, ಓದುವವರು ಮೂಲವನ್ನು ತಾವೇ ಪರಿಶೀಲಿಸಬೇಕು ಎನ್ನುವುದು ಅವರದೇ ನಿಲುವು. ಆ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವುದು ಬಳಸುವವರ ಹೊಣೆ.

ತುಣುಕು ಬಿಟ್ಟು ಪೂರ್ತಿ ಕಾಯ್ದೆ ಏಕೆ ಓದಬೇಕು ಎಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟೇ ಸಾಕ್ಷಿ. 2008ರ ಹೆಲರ್ ಪ್ರಕರಣದಲ್ಲಿ, ಅಂದರೆ ಮನೆಯಲ್ಲಿ ಪಿಸ್ತೂಲು ಕೂಡದು ಎಂಬ ವಾಷಿಂಗ್ಟನ್ ನಗರದ ನಿಷೇಧ ಸಂವಿಧಾನದ ಆಯುಧದ ಹಕ್ಕಿಗೆ ಒಪ್ಪುತ್ತದೆಯೇ ಎಂಬ ಮೊಕದ್ದಮೆಯಲ್ಲಿ, ಇದೇ ಬಾಸ್ಟನ್ ಕಾಯ್ದೆ ಎರಡೂ ಕಡೆಯ ನ್ಯಾಯಮೂರ್ತಿಗಳ ಕೈಗೆ ಬಂತು. ಮದ್ದು ತುಂಬಿದ ಕೋವಿಯನ್ನು ಮನೆಯೊಳಗೆ ತರಲೇ ಬಾರದು ಎಂದು ಆ ಕಾಲದಲ್ಲೇ ಕಾನೂನಿತ್ತಲ್ಲ ಎಂದು ಭಿನ್ನಮತದ ಬ್ರೇಯರ್ ಎತ್ತಿ ತೋರಿಸಿದರು. ಪೀಠಿಕೆ ಓದಿ, ಇದು ಬೆಂಕಿ ನಂದಿಸುವವರ ರಕ್ಷಣೆಗೆ ಇದ್ದದ್ದು, ಮನೆಯಲ್ಲಿ ಪಿಸ್ತೂಲೇ ಕೂಡದು ಎಂಬ ನಿಷೇಧಕ್ಕೆ ಇದು ಹೋಲಿಕೆಯಾಗದು ಎಂದು ಬಹುಮತದ ಸ್ಕಾಲಿಯಾ ಬರೆದರು. ತೀರ್ಪು 5-4. ಯಾರ ವಾದ ಸರಿ ಎಂಬುದು ಬೇರೆ ಚರ್ಚೆ. ಇಬ್ಬರೂ ಪೂರ್ತಿ ಕಾಯ್ದೆ ಓದಿದ್ದರು ಎಂಬುದು ಇಲ್ಲಿ ಮುಖ್ಯ.

ಆಮೇಲೆ 2022ರ ಜೂನ್ 23ರ ಬ್ರೂಯೆನ್ ತೀರ್ಪು ಬಂತು. ಕೋವಿಯ ಮೇಲಿನ ಯಾವುದೇ ನಿರ್ಬಂಧ ದೇಶದ ಚಾರಿತ್ರಿಕ ಪರಂಪರೆಗೆ ಹೊಂದುತ್ತದೆ ಎಂದು ಸರ್ಕಾರವೇ ತೋರಿಸಬೇಕು ಎಂದಾಯಿತು. ಅಂದಿನಿಂದ ಈ ಭಂಡಾರದ ಬಾಗಿಲಿಗೆ ವಕೀಲರ ಸಾಲು. 2024ರ ರಹೀಮಿ ತೀರ್ಪು, 8-1, ಅದನ್ನು ತುಸು ಸಡಿಲಿಸಿತು. ಹಳೆಯ ಕಾಲದಲ್ಲಿ ಅವಳಿ ಕಾನೂನೇ ಇರಬೇಕೆಂದಿಲ್ಲ, ತತ್ತ್ವ ಹೊಂದಿದರೆ ಸಾಕು ಎಂದಿತು. ತತ್ತ್ವ ಗೊತ್ತಾಗಬೇಕಾದರೆ ಪೀಠಿಕೆ ಬೇಕು. ತುಣುಕಿನಲ್ಲಿ ಇಲ್ಲದಿರುವುದೂ ಅದೇ.

ಹಾಗಾದರೆ ಪೂರ್ತಿ ಪಾಠಕ್ಕೆ ಎಲ್ಲಿಗೆ ಹೋಗುವುದು? ಮಸಾಚುಸೆಟ್ಸ್‌ನ ಸ್ಟೇಟ್ ಲೈಬ್ರರಿ ತನ್ನ ಹಳೆಯ 'ಆಕ್ಟ್ಸ್ ಅಂಡ್ ರಿಸಾಲ್ವ್ಸ್' ಸಂಪುಟಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದೆ. ಭಂಡಾರದಿಂದ ಹೆಸರು, ವರ್ಷ ಬರೆದುಕೊಂಡು ಅಲ್ಲಿಗೆ ಹೋಗಬೇಕು. ಈ ಎರಡನೆಯ ಹೆಜ್ಜೆಯಲ್ಲಿ ಮೂರು ಗುಂಡಿಗಳಿವೆ, ಹೊಸಬರು ಬೀಳದೇ ಹೋಗುವುದು ಅಪರೂಪ.

ವರ್ಷದ ಗುಂಡಿ ಎಲ್ಲಕ್ಕಿಂತ ಆಳ. ಆ ರಾಜ್ಯದ ಶಾಸನಸಭೆಯ ವರ್ಷ ಮೇ ತಿಂಗಳಿಗೆ ಶುರು. ಮಾರ್ಚ್ ತಿಂಗಳಲ್ಲಿ ಆದ ಕಾಯ್ದೆ ಹಿಂದಿನ ವರ್ಷದ ಅಧಿವೇಶನದ ಸಂಪುಟದಲ್ಲಿ ಸೇರುತ್ತದೆ. ಮದ್ದಿನ ತಯಾರಿಗೆ ತಪಾಸಕರನ್ನು ನೇಮಿಸುವ ಕಾಯ್ದೆ ಆದದ್ದು 1809ರ ಮಾರ್ಚಿನಲ್ಲಿ, ಅದನ್ನು ಉಲ್ಲೇಖಿಸುವುದು 1808ರ ಕಾಯ್ದೆಗಳು ಎಂದು. ಕೋವಿಯ ನಳಿಕೆ ಪರೀಕ್ಷೆಯ ಕಾಯ್ದೆ 1805ರದು, ಉಲ್ಲೇಖ 1804. ಒಂದೇ ಕಾಯ್ದೆಯನ್ನು ಎರಡು ಎಂದು ಎಣಿಸಿ 'ಎರಡು ವರ್ಷ ಸತತವಾಗಿ ಕಾನೂನು ಮಾಡಿದರು' ಎಂದು ಬರೆದುಬಿಡುವ ಅಪಾಯ ಇದರಿಂದಲೇ. 1752ಕ್ಕಿಂತ ಹಿಂದಿನದಾದರೆ ಇನ್ನೂ ಒಂದು ತೊಡಕಿದೆ. ಆಗ ಇಂಗ್ಲಿಷ್ ಲೋಕದಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿಯ ತಾರೀಕುಗಳಿಗೆ ಎರಡೆರಡು ವರ್ಷ ಬರೆದಿರುತ್ತಾರೆ. ಬೇಸಿಗೆಯ ಯುಗಾದಿ, ವಿಷುಗಳಿಗೆ ಹೊಸ ವರ್ಷ ಎಣಿಸುವ ನಮಗೆ ಇದು ವಿಚಿತ್ರ ಅನಿಸಬಾರದು. ಆದರೂ ಹುಡುಕುವಾಗ ಮರೆತುಹೋಗುತ್ತದೆ. ವರ್ಷದ ಖಾನೆಯಲ್ಲಿ ಯಾವಾಗಲೂ ಹಿಂದೊಂದು ಮುಂದೊಂದು ವರ್ಷ ಸೇರಿಸಿ ಹಾಕುವುದೇ ಪರಿಹಾರ.

ಪುಟದ ಸಂಖ್ಯೆಯದು ಎರಡನೆಯ ಗುಂಡಿ. 1783ರ ಕಾಯ್ದೆಗೆ ಭಂಡಾರ ಕೊಡುವ ಪುಟ 37, ಹೆಲರ್ ತೀರ್ಪಿನಲ್ಲಿ 218. ಎರಡೂ ತಪ್ಪಲ್ಲ, ಬೇರೆಬೇರೆ ಮುದ್ರಣಗಳು. ಪುಟ ನಂಬಿ ಹೋಗದೆ ಕಾಯ್ದೆಯ ಪೂರ್ತಿ ಹೆಸರು ಮತ್ತು ಅಂಗೀಕಾರದ ದಿನಾಂಕ ಹಿಡಿದು ಹೋಗಬೇಕು.

ಮೂರನೆಯದು ಅಕ್ಷರ. 18ನೇ ಶತಮಾನದ ಅಚ್ಚಿನಲ್ಲಿ ಪದದ ಮೊದಲಿನ, ನಡುವಿನ 'ಎಸ್' ಉದ್ದವಾಗಿ, ಕೊಂಕಿ, 'ಎಫ್' ಥರ ಇರುತ್ತದೆ. ಸ್ಕ್ಯಾನ್ ಓದುವ ಯಂತ್ರ 'ಹೌಸ್' ಎಂಬುದನ್ನು 'ಹೌಫ್' ಎಂದು, 'ಸ್ಟೋರ್' ಎಂಬುದನ್ನು 'ಫ್ಟೋರ್' ಎಂದು ಓದಿರುತ್ತದೆ. ಹಳಗನ್ನಡ ಮುದ್ರಣದ ಱ, ೞ ಅಕ್ಷರಗಳನ್ನು ಯಂತ್ರಕ್ಕೆ ಓದಿಸಲು ಹೋದವರಿಗೆ ಈ ಕಷ್ಟ ಹೊಸದಲ್ಲ. ಸ್ಕ್ಯಾನ್ ಸಂಪುಟದಲ್ಲಿ ಪದ ಹುಡುಕುವಾಗ 'ಎಸ್' ಇಲ್ಲದ ಪದ ಆರಿಸಿಕೊಳ್ಳಿ. 'ಪೌಡರ್' ಇಲ್ಲೂ ಕೈ ಹಿಡಿಯುತ್ತದೆ.

ಬ್ರೌಸರಿನ ಅನುವಾದ ಒತ್ತಿ ಕನ್ನಡದಲ್ಲೇ ಓದಿಬಿಡೋಣ ಎನ್ನುವವರಿಗೆ ಒಂದು ಎಚ್ಚರಿಕೆ. ಈ ವಿಷಯದ ಮುಖ್ಯ ಪದಗಳಿಗೆಲ್ಲ ಎರಡೆರಡು ಅರ್ಥ, ಯಂತ್ರ ಹಿಡಿಯುವುದು ಇವತ್ತಿನ ಅರ್ಥವನ್ನು. 'ಮ್ಯಾಗಜಿನ್' ಮದ್ದಿನ ಮನೆ, ಅದು ನಿಯತಕಾಲಿಕೆಯಾಗಿಬಿಡುತ್ತದೆ. 'ಆರ್ಮ್ಸ್' ತೋಳುಗಳಾಗುತ್ತವೆ. 'ಪ್ರೂಫ್' ಎಂದರೆ ನಳಿಕೆಯ ಪರೀಕ್ಷೆ, ಅದು ಪುರಾವೆಯಾಗುತ್ತದೆ. 'ಬಾಲ್' ಗುಂಡು, ಚೆಂಡಾಗುತ್ತದೆ. 1637ರಲ್ಲಿ ಮಸಾಚುಸೆಟ್ಸ್ ಬೇ ವಸಾಹತು ಧರ್ಮದ ವಿಷಯದಲ್ಲಿ ತನ್ನ ವಿರುದ್ಧ ನಿಂತ ಬಾಸ್ಟನ್ನಿನ 58 ಮಂದಿಗೆ ಕೋವಿ, ಪಿಸ್ತೂಲು, ಕತ್ತಿ, ಮದ್ದು, ಗುಂಡು, 'ಮ್ಯಾಚ್' ಎಲ್ಲವನ್ನೂ ತಂದೊಪ್ಪಿಸಲು ಆಜ್ಞೆ ಮಾಡಿತು. ಆ 'ಮ್ಯಾಚ್' ಎಂದರೆ ಮದ್ದಿಗೆ ಬೆಂಕಿ ತಾಗಿಸಲು ನಿಧಾನವಾಗಿ ಉರಿಯುವ ಬತ್ತಿ. ಪಂದ್ಯವೂ ಅಲ್ಲ, ಬೆಂಕಿಪೊಟ್ಟಣವೂ ಅಲ್ಲ. ಬೇರೆ ಭಾಷೆಯ ಸರ್ಕಾರಿ ಕಾಗದ ಕೈಗೆ ಬಂದಾಗ ಒಂದು ಪದ ತಪ್ಪಿದರೆ ಏನಾಗುತ್ತದೆ ಎಂಬುದು ಗಡಿನಾಡ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಇಲ್ಲಿಯೂ ಪದಕೋಶ ಪಕ್ಕದಲ್ಲಿರಲಿ.

ಹಣ, ತೂಕದ ಲೆಕ್ಕವೂ ಅಷ್ಟೇ. 1783ರ ಹತ್ತು ಪೌಂಡು ಇಂಗ್ಲೆಂಡಿನ ಸ್ಟರ್ಲಿಂಗ್ ಅಲ್ಲ, ಮಸಾಚುಸೆಟ್ಸ್‌ನ ಲೆಕ್ಕದ ಪೌಂಡು. ಅಲ್ಲಿ ಆರು ಶಿಲ್ಲಿಂಗಿಗೆ ಒಂದು ಸ್ಪ್ಯಾನಿಷ್ ಡಾಲರ್, ಅಂದರೆ ಹತ್ತು ಪೌಂಡಿಗೆ ಸುಮಾರು 33 ಡಾಲರ್. ಸ್ಟರ್ಲಿಂಗ್ ಎಂದುಕೊಂಡು ಲೆಕ್ಕ ಹಾಕಿದರೆ ದಂಡ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ತೂಕದ ಪೌಂಡು ನಮ್ಮ ಹಿರಿಯರು ಹೇಳುತ್ತಿದ್ದ ರಾತಲು, ಸುಮಾರು 454 ಗ್ರಾಂ.

ಈ ತೂಕದ ವಿಷಯ ಬಂದಾಗ ಮಸಾಚುಸೆಟ್ಸ್ ದಾಟಿ ಒಮ್ಮೆ ನ್ಯೂಯಾರ್ಕಿಗೂ ಹೋಗಿಬರಬೇಕು. ಭಂಡಾರದ ನಿಜವಾದ ಬಲ ಇಲ್ಲಿ ಕಾಣುತ್ತದೆ. ರಾಜ್ಯದ ಆಯ್ಕೆ ತೆಗೆದು 'ಸ್ಟೋರೇಜ್' ಒಂದನ್ನೇ ಉಳಿಸಿದರೆ ಊರೂರಿನ ಮದ್ದಿನ ಕಾನೂನು ಒಂದರ ಕೆಳಗೆ ಒಂದು ಬಂದು ನಿಲ್ಲುತ್ತದೆ. ನ್ಯೂಯಾರ್ಕ್ ನಗರಕ್ಕೆ 1784ರಲ್ಲಿ ಆದ ಕಾನೂನು ಓದಲೇಬೇಕಾದದ್ದು. ಮನೆ, ಅಂಗಡಿಯಲ್ಲಿ 28 ರಾತಲಿಗಿಂತ ಹೆಚ್ಚು ಮದ್ದು ಕೂಡದು. ಆ 28 ರಾತಲನ್ನೂ ಒಂದೇ ಕಡೆ ಸುರಿದಿಡುವಂತಿಲ್ಲ. ನಾಲ್ಕು ಕಲ್ಲಿನ ಜಾಡಿ ಅಥವಾ ತಗಡಿನ ಡಬ್ಬಿ, ಒಂದೊಂದರಲ್ಲಿ ಏಳು ರಾತಲಿಗಿಂತ ಹೆಚ್ಚಿರಬಾರದು. ನಮ್ಮ ತೂಕದಲ್ಲಿ ಒಟ್ಟು 12.7 ಕಿಲೋ, ಒಂದು ಡಬ್ಬಿಗೆ 3.2 ಕಿಲೋದಷ್ಟು.

ಮರದ ಪೀಪಾಯಿ ಬೇಡ, ಕಲ್ಲು ಅಥವಾ ತಗಡು ಏಕೆ? ಮದ್ದಿನ ಪುಡಿ ಮರದ ಸಂದಿಯಿಂದ ಸೋರಿ ನೆಲಕ್ಕೆ ಗೆರೆ ಎಳೆಯುತ್ತದೆ. ಒಂದು ಕಿಡಿ ಆ ಗೆರೆ ಹಿಡಿದು ಪೀಪಾಯಿಗೆ ಬರುತ್ತದೆ. ಏಳು ರಾತಲಿನ ಮಿತಿ ಏಕೆ? ಒಂದು ಡಬ್ಬಿಯನ್ನು ಒಬ್ಬನೇ ಎತ್ತಿ ಹೊರಗೆ ಓಡಬಹುದು. ಒಂದಕ್ಕೆ ಬೆಂಕಿ ತಾಗಿದರೂ ಮುಚ್ಚಿದ ಉಳಿದ ಮೂರಕ್ಕೆ ತಕ್ಷಣ ಹೋಗದಿರುವ ಸಾಧ್ಯತೆ ಇದೆ. ಕೆಲವು ಕಾನೂನುಗಳು ಹೆಚ್ಚುವರಿ ಮದ್ದನ್ನು ಮನೆಯ ಮೇಲಂತಸ್ತಿನಲ್ಲಿ ಇಡಲು ಹೇಳುತ್ತಿದ್ದವು. ಮೊದಲ ಓದಿಗೆ ತಲೆಕೆಳಗು ಅನಿಸುತ್ತದೆ, ಆದರೆ ಅದಕ್ಕೂ ಕಾರಣವಿದೆ. ಮಾಡಿನ ಕೆಳಗೆ ಸಿಡಿದರೆ ಬಲ ಹೆಚ್ಚಾಗಿ ಮೇಲಕ್ಕೆ, ಹಗುರ ಮಾಡನ್ನು ಎತ್ತಿಕೊಂಡು ಹೋಗುತ್ತದೆ. ನೆಲಮಾಳಿಗೆಯಲ್ಲಿ ಸಿಡಿದರೆ ಇಡೀ ಮನೆ ತಲೆ ಮೇಲೆ ಕುಸಿಯುತ್ತದೆ. ಒಲೆಯೂ ಇರುವುದು ಕೆಳಗೇ.

ದಾಸ್ತಾನಿನ ಈ ಸಾಲುಗಳನ್ನು ನಮ್ಮ ಜಿಲ್ಲೆಯವರು ನಿಧಾನವಾಗಿ ಓದಬೇಕು. 2024ರ ಅಕ್ಟೋಬರ್ 28ರ ರಾತ್ರಿ ನೀಲೇಶ್ವರದ ದೈವಸ್ಥಾನವೊಂದರ ಕಳಿಯಾಟದಲ್ಲಿ ದಾಸ್ತಾನಿಟ್ಟ ಸಿಡಿಮದ್ದಿಗೆ ಬೆಂಕಿ ತಾಗಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಜೀವಗಳೂ ಹೋದವು. ಸಿಡಿಸುವ ಜಾಗ, ದಾಸ್ತಾನಿನ ಜಾಗ, ಜನ ನಿಲ್ಲುವ ಜಾಗ, ಈ ಮೂರರ ನಡುವಿನ ಅಂತರವೇ ಇಲ್ಲಿ ಜೀವದ ಪ್ರಶ್ನೆ. ನಮಗೆ ಅನ್ವಯವಾಗುವುದು 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಾವಳಿ, ಬಾಸ್ಟನ್ ಕಾನೂನಲ್ಲ. ಕದೋನಿ, ಗರ್ನಾಲಿಗೆ ಅನುಮತಿ ಕೇಳುವಾಗ ಆ ನಿಯಮಾವಳಿಯನ್ನೇ ನೋಡಬೇಕು. ಆದರೆ ನಿಯಮ ಯಾಕಿದೆ ಎಂದು ಸಮಿತಿಯ ಸಭೆಯಲ್ಲಿ ವಿವರಿಸಬೇಕಾದಾಗ, 'ಏಳು ರಾತಲಿನ ನಾಲ್ಕು ಡಬ್ಬಿ' ಎಂಬ ಒಂದು ಮಾತು ಹತ್ತು ಸುತ್ತೋಲೆಗಿಂತ ಬೇಗ ತಲೆಗೆ ಹೋಗುತ್ತದೆ. ಉಪದೇಶವಿಲ್ಲದೆ ಬರೀ ಅಳತೆ ಹೇಳುವ ಈ ಹಳೆಯ ಕಾನೂನುಗಳ ಬಗ್ಗೆ ಗೌರವ ಹುಟ್ಟುವುದು ಅದಕ್ಕೇ.

ಸಾರ್ವಜನಿಕ ಮದ್ದಿನ ಮನೆಯ ದಾಖಲೆಗಳೂ ಓದಲು ಸೊಗಸಾಗಿವೆ. ಬಾಸ್ಟನ್ನಿನಲ್ಲಿ ಮದ್ದಿನ ಮನೆ ಕಟ್ಟುವ ಕಾಯ್ದೆ 1706ರ ಅಧಿವೇಶನದಷ್ಟು ಹಳೆಯದು, 1715ರಲ್ಲಿ ಅದಕ್ಕೊಂದು ಸೇರ್ಪಡೆ. 1783ರ ಸರಪಣಿ ಶುರುವಾಗುವುದು ಅಲ್ಲಿಂದ. ಪಕ್ಕದ ಸಾಮರ್‌ವಿಲ್ಲಿನಲ್ಲಿ ಇಂದಿಗೂ ನಿಂತಿರುವ ದುಂಡಗಿನ ಮದ್ದಿನ ಮನೆ 18ನೇ ಶತಮಾನದ ಆರಂಭದಲ್ಲಿ ಗಾಳಿಗಿರಣಿಯಾಗಿ ಕಟ್ಟಿದ್ದು. 1747ರಲ್ಲಿ ಪ್ರಾಂತ್ಯದ ಸರ್ಕಾರ ಕೊಂಡು ಮದ್ದು ತುಂಬಿಸಿತು. 1774ರ ಸೆಪ್ಟೆಂಬರ್ 1ರ ಬೆಳಗ್ಗೆ ಬ್ರಿಟಿಷ್ ಗವರ್ನರ್ ಆಗಿದ್ದ ಜನರಲ್ ಗೇಜ್ ಸೈನಿಕರನ್ನು ಕಳಿಸಿ ಅಲ್ಲಿದ್ದ 250 ಅರೆಪೀಪಾಯಿ ಮದ್ದನ್ನು ಎತ್ತಿಸಿಕೊಂಡು ಹೋದಾಗ ಸುತ್ತಲಿನ ಊರುಗಳ ಸಾವಿರಾರು ಜನ ಕೋವಿ ಹಿಡಿದು ರಸ್ತೆಗಿಳಿದರು. ಮದ್ದನ್ನು ಊರ ಹೊರಗೆ ಒಂದೇ ಕಡೆ ಇಡುವುದು ಬೆಂಕಿಯಿಂದ ರಕ್ಷಣೆ. ಬೀಗದ ಕೈ ಯಾರ ಹತ್ತಿರ ಎಂಬುದು ಬೇರೆಯೇ ಪ್ರಶ್ನೆ. ಬೇಕಲ ಕೋಟೆಯೊಳಗೆ ಭಾರತೀಯ ಪುರಾತತ್ತ್ವ ಇಲಾಖೆ ಕಾಪಾಡಿಕೊಂಡು ಬಂದ ಮದ್ದಿನ ಮನೆ ನೋಡಿದವರಿಗೆ ಈ ದಾಖಲೆಗಳು ಇನ್ನೂ ಹತ್ತಿರವಾಗುತ್ತವೆ. ಕೆಳದಿ ಅರಸರ ಕೋಟೆಯಲ್ಲೂ ಪ್ರಶ್ನೆ ಇದೇ ಆಗಿತ್ತು: ಮದ್ದು ಒಣಗಿರಬೇಕು, ಜನವಸತಿಯಿಂದ ದೂರ ಇರಬೇಕು, ಆಯಕಟ್ಟಿಗೆ ಹತ್ತಿರವೂ ಇರಬೇಕು.

ತಯಾರಿ ತಪಾಸಣೆಯ ಪಟ್ಟಿಯಲ್ಲಿ 1805ರ ನಳಿಕೆ ಪರೀಕ್ಷೆಯ ಕಾಯ್ದೆ ಕೋವಿ ಇರುವವರಿಗೆ ಹಿಡಿಸುತ್ತದೆ. ರಾಜ್ಯದಲ್ಲಿ ತಯಾರಾದ ಕೋವಿ, ಪಿಸ್ತೂಲಿನ ನಳಿಕೆಯನ್ನು ನೇಮಕಗೊಂಡ ಪರೀಕ್ಷಕ ಮದ್ದು ತುಂಬಿ ಹಾರಿಸಿ ನೋಡಬೇಕು. ಬೆಸುಗೆಯಲ್ಲಿ ಒಡಕಿದ್ದರೆ ಅದು ಪರೀಕ್ಷೆಯ ಕಟ್ಟೆಯ ಮೇಲೆಯೇ ಸಿಡಿಯಬೇಕು, ಕೊಂಡವನ ಕೆನ್ನೆಯ ಪಕ್ಕದಲ್ಲಲ್ಲ. ಪಾಸಾದ ನಳಿಕೆಯ ಮೇಲ್ಭಾಗದಲ್ಲಿ, ಬುಡದಿಂದ ಒಂದೂವರೆ ಇಂಚಿನೊಳಗೆ, ಪರೀಕ್ಷಕನ ಹೆಸರಿನ ಮೊದಲಕ್ಷರಗಳು, ಅದರ ಮೇಲೆ 'ಪಿ', ಮುಂದಕ್ಕೆ ವರ್ಷದ ಅಂಕಿ, ಅದರ ಮೇಲೆ 'ಎಂ' ಮುದ್ರೆ. ಮುದ್ರೆ ಎಲ್ಲಿ ಒತ್ತಬೇಕೆಂದು ಇಂಚಿನ ಲೆಕ್ಕದಲ್ಲಿ ಬರೆದ ಕಾರಣ ಸರಳ. ನಳಿಕೆ ಕತ್ತರಿಸಿ ಗಿಡ್ಡ ಮಾಡಿದರೂ ಬುಡ ಉಳಿಯುತ್ತದೆ, ಮುದ್ರೆಯೂ ಉಳಿಯುತ್ತದೆ. ಭಾರತದ ಲೈಸೆನ್ಸಿನ ಕೋವಿಯಲ್ಲೂ ಪರೀಕ್ಷೆಯ ಮುದ್ರೆ ಇರುತ್ತದೆ. ಪೆಟ್ಟಿಗೆಯಿಂದ ತೆಗೆದು, ಗುಂಡು ಮದ್ದು ಇಲ್ಲ ಎಂದು ಖಚಿತ ಮಾಡಿಕೊಂಡು, ಬೆಳಕಿನಲ್ಲಿ ನಳಿಕೆಯ ಬುಡ ನೋಡಿ. ಮುದ್ರೆಯಿಲ್ಲದ ಹಳೆಯ ಕೇಪಿನ ಕೋವಿಗೆ ಮದ್ದು ತುಂಬುವ ಮೊದಲು ಎರಡು ಸಲ ಯೋಚಿಸಬೇಕು.

ಇನ್ನೊಂದು ಕೊರತೆ ಹೇಳದೆ ಬಿಡುವಂತಿಲ್ಲ. ದಾಖಲೆ ನೋಡಿ ಆ ಕಾನೂನು ಎಷ್ಟು ಕಾಲ ಜಾರಿಯಲ್ಲಿತ್ತು, ಯಾವಾಗ ರದ್ದಾಯಿತು, ಯಾರ ಮೇಲೆ ಪ್ರಯೋಗವಾಯಿತು ಎಂದು ತಿಳಿಯುವುದಿಲ್ಲ. ಪುಸ್ತಕದಲ್ಲಿದ್ದ ಕಾನೂನೆಲ್ಲ ಬೀದಿಯಲ್ಲಿ ನಡೆಯಿತು ಎಂದಲ್ಲ. ಮೂಲನಿವಾಸಿಗಳಿಗೆ, ಗುಲಾಮರಾಗಿದ್ದ ಕಪ್ಪು ಜನರಿಗೆ ಆಯುಧ ಕೊಡಬಾರದು ಎಂಬ ಕಾನೂನುಗಳೂ ಇದೇ ಭಂಡಾರದಲ್ಲಿ ಪ್ರತ್ಯೇಕ ವಿಷಯವಾಗಿ ಇವೆ. ಅವನ್ನು ಪಕ್ಕಕ್ಕೆ ಸರಿಸಿ ಮದ್ದಿನ ಮನೆಯ ಕಾನೂನು ಮಾತ್ರ ಓದಿದರೆ ಚಿತ್ರ ಸುಳ್ಳಾಗುತ್ತದೆ. ವಿದ್ಯಾರ್ಥಿಗಳು ಎರಡನ್ನೂ ಒಂದೇ ವರ್ಷದ ಮಿತಿಯಲ್ಲಿ ತೆರೆದು ಅಕ್ಕಪಕ್ಕ ಇಟ್ಟು ಓದಬೇಕು.

ಹುಡುಕಾಟದ ಸೌಕರ್ಯ, ಉಚಿತ ಪ್ರವೇಶ, ವಿಷಯ ವಿಂಗಡಣೆ ಇವಕ್ಕೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಪಾಠದ ಪೂರ್ಣತೆಗೆ ಎರಡೂವರೆಗಿಂತ ಹೆಚ್ಚು ಕೊಡಲಾಗದು. ಫೋನಿನಲ್ಲಿ ಉದ್ದುದ್ದ ತಲೆಬರಹಗಳ ಪಟ್ಟಿ ಓದುವುದು ಕಣ್ಣಿಗೆ ಶ್ರಮ, ಲ್ಯಾಪ್‌ಟಾಪಿನಲ್ಲಿ ತೆರೆಯುವುದೇ ಒಳ್ಳೆಯದು.

ಒಂದು ದಾಖಲೆಯನ್ನು ಉಪಯೋಗಕ್ಕೆ ತೆಗೆದುಕೊಳ್ಳುವ ಮೊದಲು ಐದು ವಿಷಯ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಕಾಯ್ದೆಯ ಪೂರ್ತಿ ಹೆಸರು, ಅಂಗೀಕಾರವಾದ ದಿನ, ಅಧಿವೇಶನದ ವರ್ಷ, ಭಂಡಾರದಲ್ಲಿ ಇರುವ ಸೆಕ್ಷನ್, ಭಂಡಾರದಲ್ಲಿ ಇಲ್ಲದ ಸೆಕ್ಷನ್. ಐದನೆಯ ಖಾನೆ ತುಂಬಬೇಕಾದರೆ ಸ್ಟೇಟ್ ಲೈಬ್ರರಿಯ ಸ್ಕ್ಯಾನ್ ತೆರೆಯಲೇಬೇಕು. 1783ರ ಕಾಯ್ದೆಯಿಂದಲೇ ಶುರು ಮಾಡಿ. ಸ್ಕ್ಯಾನಿನಲ್ಲಿ ಪೀಠಿಕೆ ತೆರೆದು, 'ಎಫ್' ಥರ ಕಾಣುವ 'ಎಸ್'ಗಳನ್ನು ಸರಿಮಾಡಿಕೊಂಡು, ಬೆಂಕಿ ನಂದಿಸಲು ಬರುವವರ ಜೀವದ ಮಾತು ಬರುವ ತನಕ ಓದಿ.